ಎಲಿಜಬೆತನ್ ಮೇಕಪ್ ವರ್ಕ್‌ಶಾಪ್ ರಿವ್ಯೂ: ಮುಖಕ್ಕೆ ಬಿಳಿ ಬಳಿಯೋದಷ್ಟೇ ಅಲ್ಲ ಕಣ್ರೀ

ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿ ಕಾಲದ, ಅಂದ್ರೆ 1558ರಿಂದ 1603ರವರೆಗಿನ ಸ್ಟೈಲನ್ನ ಈಗ ಹಾಕ್ಕೊಂಡು ಹೊರಗೆ ಹೋಗೋ ಥರ ಹೇಗೆ ಡಿಸೈನ್ ಮಾಡೋದು ಅಂತ ಕಲ್ಸೋ ಒಂದು ಆನ್‌ಲೈನ್ ವರ್ಕ್‌ಶಾಪ್ ಮುಗ್ಸಿದೆ, ಅದರ ಬಗ್ಗೆನೇ ಈ ರಿವ್ಯೂ. ಮೊದ್ಲೇ ಹೇಳ್ಬಿಡ್ತೀನಿ, ಫೌಂಡೇಶನ್ ಬ್ಲೆಂಡ್ ಮಾಡೋದು, ಐಲೈನರ್ ಎಳೆಯೋದು ಗೊತ್ತಿರೋರು ಧೈರ್ಯವಾಗಿ ಸೇರ್ಕೋಬಹುದು, ಬ್ರಷ್ ಹಿಡಿಯೋದೇ ಹೊಸದು ಅನ್ನೋರಿಗೆ ಇದು ಜಾಸ್ತಿ ಸ್ಪೀಡ್ ಆಗುತ್ತೆ.

ಎಲಿಜಬೆತನ್ ಮೇಕಪ್ ಅಂತ ಹುಡುಕಿದ್ರೆ ಸಿಗೋ ವೀಡಿಯೋಗಳು ಹೆಚ್ಚಾಗಿ ಒಂದೇ ಥರ ಇರ್ತವೆ, ಗೋಡೆಗೆ ಸುಣ್ಣ ಹೊಡೆದ ಹಾಗೆ ಮುಖ ಪೂರ್ತಿ ಬಿಳಿ, ಕೆನ್ನೆ ಮೇಲೆ ಎರಡು ಕೆಂಪು ರೌಂಡು, ಮುಗೀತು. ಅದು ನಾಟಕದ ವೇಷಕ್ಕೆ ಸರಿ, ಪಾರ್ಟಿಗೋ ಫೋಟೋಶೂಟ್‌ಗೋ ಆಗಲ್ಲ. ಇಲ್ಲಿ ಹೇಳ್ಕೊಡೋ ಮೇಡಂ ಮೊದಲ ಕ್ಲಾಸಲ್ಲಿ ಬ್ರಷ್ಷನ್ನೇ ಮುಟ್ಲಿಲ್ಲ, ಬರೀ ಪೋರ್ಟ್ರೇಟ್‌ಗಳನ್ನ ಝೂಮ್ ಮಾಡಿ ಮಾಡಿ ತೋರಿಸಿದ್ರು, ನನಗೆ ಇಡೀ ವರ್ಕ್‌ಶಾಪಲ್ಲಿ ಬೆಸ್ಟ್ ಅನ್ಸಿದ್ದು ಅದೇ ಕ್ಲಾಸು. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿರೋ ಡಾರ್ನ್‌ಲಿ ಪೋರ್ಟ್ರೇಟ್, 1575ರ ಸುಮಾರಿನದು, ಅದ್ರಲ್ಲಿ ರಾಣಿ ಮುಖ ರಕ್ತಾನೇ ಇಲ್ಲದಂಗೆ ಬಿಳುಚ್ಕೊಂಡಿದೆ ಅಲ್ವಾ, ಗ್ಯಾಲರಿಯವರು ಪೇಂಟನ್ನ ಪರೀಕ್ಷೆ ಮಾಡಿ ನೋಡಿದ್ರೆ ಅದ್ರಲ್ಲಿದ್ದ ಕೆಂಪು ಬಣ್ಣ ವರ್ಷಗಳು ಕಳೀತಾ ಮಾಸಿ ಹೋಗಿದೆ, ಬರೆದಾಗ ಕೆನ್ನೆ ಚೆನ್ನಾಗಿ ಗುಲಾಬಿಯಾಗೇ ಇತ್ತಂತೆ! ಅಂದ್ರೆ ನಾವೆಲ್ಲ ಕಾಪಿ ಮಾಡ್ತಿರೋ ಆ ಬಿಳಿಯಲ್ಲಿ ಒಂದಿಷ್ಟು ಮಾಸಿದ ಪೇಂಟಿಂದೇ ಕೆಲಸ. ಇದು ಗೊತ್ತಾದ್ಮೇಲೆ ಬ್ಲಶ್ ವಿಷಯದಲ್ಲಿ ನನಗಿದ್ದ ಅಳುಕು ಪೂರ್ತಿ ಹೋಯ್ತು.

ಇನ್ನೊಂದು ಪಾಯಿಂಟ್ ಇದಕ್ಕಿಂತ ಉಪಯೋಗದ್ದು. ರಾಣಿಯ ಚಿಕ್ಕ ಚಿತ್ರಗಳನ್ನ ಬರೀತಿದ್ದ ನಿಕೊಲಸ್ ಹಿಲಿಯರ್ಡ್ ಒಂದ್ಕಡೆ ಬರ್ಕೊಂಡಿದಾರೆ, ಚಿತ್ರಕ್ಕೆ ಕೂರೋವಾಗ ರಾಣಿ ನೆರಳೇ ಬೀಳದ, ತೋಟದ ಬಯಲು ಜಾಗಾನೇ ಆರಿಸ್ಕೊಂಡ್ರು ಅಂತ. ಹಾಗಾಗಿ ಆ ಮುಖಗಳಲ್ಲಿ ನೆರಳು ತುಂಬಾ ಕಮ್ಮಿ. ಈಗಿನ ಮೇಕಪ್ಪಲ್ಲಿ ಅರ್ಧ ಕೆಲಸ ಕಾಂಟೂರೇ, ಅಂದ್ರೆ ಗಾಢ ಶೇಡಲ್ಲಿ ಮುಖಕ್ಕೆ ನೆರಳು ಕೊಡೋದೇ ಅಲ್ವಾ, ಇಲ್ಲಿ ಕಾಂಟೂರ್ ಪೂರ್ತಿ ಕೈಬಿಡಿ ಅಂತಾರೆ, ನಾನು ಬಿಟ್ಟು ನೋಡ್ದೆ, ಬೇರೆ ಏನೂ ಬದಲಾಯಿಸದೆ ಬರೀ ಅದೊಂದ್ರಿಂದಾನೇ ಮುಖಕ್ಕೆ ಹಳೇ ಚಿತ್ರದ ಕಳೆ ಬಂತು, ನಿಜವಾಗ್ಲೂ ಆಶ್ಚರ್ಯ ಆಯ್ತು.

ಆ ಕಾಲದ ಸಾಮಾನುಗಳ ಬಗ್ಗೆ ಒಂದು ಕ್ಲಾಸ್ ಇದೆ, ಬೇಗ ಮುಗಿಯುತ್ತೆ ಆದ್ರೆ ಸ್ಕಿಪ್ ಮಾಡ್ಬೇಡಿ. ವೆನಿಸ್ಸಿನ ಸೆರೂಸ್ ಅಂತ ಹೆಸರಿದ್ದ ಬಿಳಿ ಬೇಸು ಅಂದ್ರೆ ಸೀಸವನ್ನ ವಿನೆಗರ್ ಜೊತೆ ಸೇರಿಸಿ ಮಾಡಿದ್ದು, ಪೂರ್ತಿ ವಿಷ, ಕೆಂಪಿಗೆ ಬಳಸ್ತಿದ್ದ ವರ್ಮಿಲಿಯನ್‌ನಲ್ಲಿ ಪಾದರಸ, ಕಣ್ಣು ದೊಡ್ಡದಾಗಿ ಕಾಣ್ಲಿ ಅಂತ ಹಾಕ್ಕೋತಿದ್ದ ಬೆಲ್ಲಡೋನ ಹನಿನೂ ವಿಷಾನೇ. ರಾಣಿಗೆ 1562ರಲ್ಲಿ ಸಿಡುಬು ಬಂದಿತ್ತು, ಕಲೆ ಮುಚ್ಚೋಕೆ ಸೀಸ ಬಳೀತಿದ್ರು ಅಂತ ಎಲ್ಲಾ ಕಡೆ ಬರೀತಾರೆ, ಆದ್ರೆ ಅದಕ್ಕೆ ಆ ಕಾಲದ ಗಟ್ಟಿ ಸಾಕ್ಷಿ ಇಲ್ಲ ಅಂತ ಹೇಳೋ ಇತಿಹಾಸಕಾರರೂ ಇದಾರೆ, ಮೇಡಂ ಎರಡನ್ನೂ ಹೇಳಿದ್ದು ನನಗೆ ಹಿಡಿಸ್ತು. ಅವಾಗಿನ ಒಂದು ಕೆಂಪು ಇವತ್ತಿಗೂ ನಮ್ಮ ಬ್ಯಾಗಲ್ಲಿದೆ, ಕೊಚಿನೀಲ್ ಅನ್ನೋ ಹುಳದಿಂದ ತೆಗೆಯೋ ಕಾರ್ಮೈನ್. ಹುಳದ್ದು ಬೇಡ ಅನ್ನೋರು ಲಿಪ್‌ಸ್ಟಿಕ್ ಲೇಬಲ್ ಮೇಲೆ ಸಿಐ 75470 ಅಂತ ಇದ್ಯಾ ನೋಡ್ಕೊಳ್ಳಿ.

ಪ್ರಾಕ್ಟಿಕಲ್ ವಿಷಯಕ್ಕೆ ಬಂದ್ರೆ, ಬೇಸ್‌ಗೆ ಬಿಳಿ ಇಲ್ಲವೇ ಇಲ್ಲ, ನಮ್ಮದೇ ಶೇಡಿನ ತೆಳು ಸ್ಕಿನ್ ಟಿಂಟ್. ಅವಾಗ ಮೇಕಪ್ ಮೇಲೆ ಮೊಟ್ಟೆಯ ಬಿಳಿಭಾಗ ಹಚ್ಚಿ ಹೊಳಪು ತರಿಸ್ತಿದ್ರಂತೆ, ಅದ್ರ ಬದಲು ಗ್ಲೋ ಕೊಡೋ ಸೆಟ್ಟಿಂಗ್ ಸ್ಪ್ರೇ. ಹಣೆ ಅಗಲವಾಗಿ ಕಾಣೋಕೆ ಆಗ ಮುಂದಲೆ ಕೂದಲನ್ನೇ ಕೀಳ್ತಿದ್ರು, ಈಗ ಕೂದಲನ್ನ ಹಿಂದಕ್ಕೆ ಎಳೆದು ಕಟ್ಟಿ ಅಂಚಿಗೆ ಸ್ವಲ್ಪ ಹೈಲೈಟರ್ ಹಾಕಿದ್ರೆ ಸಾಕು. ನನಗೆ ತುಂಬಾನೇ ಇಷ್ಟ ಆಗಿದ್ದು ಬ್ಲ್ಯಾಕ್‌ವರ್ಕ್ ಲೈನರ್, ಆ ಕಾಲದ ಬಟ್ಟೆ ಮೇಲೆ ಬಿಳಿ ಲಿನನ್‌ಗೆ ಕಪ್ಪು ರೇಷ್ಮೆ ದಾರದಲ್ಲಿ ಬಳ್ಳಿ ಬಳ್ಳಿ ಕಸೂತಿ ಇರ್ತಿತ್ತಲ್ಲ, ಅದೇ ಬಳ್ಳಿಯನ್ನ ಸಣ್ಣ ತುದಿಯ ಲೈನರಲ್ಲಿ ಕಣ್ಣಿನ ಹೊರಮೂಲೆಯಿಂದ ಮೇಲಕ್ಕೆ ಬಿಡಿಸೋದು, ರಾಣಿ ಮುಖ ಕಾಪಿ ಮಾಡದೆ ರಾಣಿ ಕಾಲಾನ ತರೋದು ಅಂದ್ರೆ ಇದೇ. ರಾಣಿಯ ಇನ್ನೊಂದು ಚಿತ್ರ ಆರ್ಮಡಾ ಪೋರ್ಟ್ರೇಟಲ್ಲಿ ಮೈತುಂಬ ಮುತ್ತು ಇದಾವೆ, ಕನ್ಯತ್ವದ ಗುರುತು ಅಂತ ಅವು, ಅದನ್ನ ನೋಡ್ಕೊಂಡು ಚಪ್ಪಟೆ ತಳದ ಮುತ್ತನ್ನ ಲ್ಯಾಶ್ ಗ್ಲೂ ಹಾಕಿ ಕಣ್ಣ ಕೆಳಗೆ ಅಂಟಿಸೋದೂ ಇದೆ, ಚೆನ್ನಾಗಿದೆ, ಆದ್ರೆ ಗ್ಲೂಗೆ ಪ್ಯಾಚ್ ಟೆಸ್ಟ್ ಮಾಡಿ, ಅಂದ್ರೆ ಮೊದ್ಲು ಚರ್ಮಕ್ಕೆ ಸ್ವಲ್ಪ ಹಚ್ಚಿ ಅಲರ್ಜಿ ಆಗುತ್ತಾ ನೋಡಿ ಅಂತ ಒಂದು ಮಾತೂ ಹೇಳ್ಲಿಲ್ಲ, ಅದು ತಪ್ಪು. ಕಣ್ಣ ಹತ್ರ ಹಚ್ಚೋದಲ್ವಾ.

ನನಗೆ ಬೇಜಾರಾಗಿದ್ದು ಬೇರೆ, ಮಾಡೆಲ್‌ಗಳೆಲ್ಲ ಬೆಳ್ಳಗಿರೋರೇ. ಕಂದು ಮೈಬಣ್ಣದವರು ಏನ್ ಮಾಡ್ಬೇಕು ಅಂತ ಕೇಳಿದ್ರೆ ಶೇಡ್ ಬದಲಾಯಿಸ್ಕೊಳ್ಳಿ ಅಂದ್ರು ಅಷ್ಟೇ, ಸಾಲಲ್ಲ ಅದು. ನಾನು ಕಂಡ್ಕೊಂಡಿದ್ದು ಹೇಳ್ತೀನಿ: ಬೆಳ್ಳಿ ಹೊಳಪಿನ ಹೈಲೈಟರ್ ನಮಗೆ ಬೂದಿ ಬೂದಿಯಾಗಿ ಕಾಣುತ್ತೆ, ಚಿನ್ನದ ಹೊಳಪಿನದು ತಗೊಳ್ಳಿ, ಬ್ಲಶ್ಶಿಗೆ ತಿಳಿ ಗುಲಾಬಿ ಬಿಟ್ಟು ಇಟ್ಟಿಗೆ ಕೆಂಪು ಅಥವಾ ದಾಳಿಂಬೆ ಕೆಂಪು ತಗೊಂಡು ಕೆನ್ನೆ ಮಧ್ಯಕ್ಕೇ ಹಾಕಿ, ತುಟಿಗೂ ಅದನ್ನೇ ಬೆರಳಲ್ಲಿ ತಟ್ಟಿ. ಆ ಚಿತ್ರಗಳ ಥರ ಹುಬ್ಬು ಮಾಯ ಮಾಡೋ ಪಾಠ ಅಂತೂ ಓಡಿಸ್ಕೊಂಡು ಹೋದ್ರು, ನಮ್ಮ ದಟ್ಟ ಕಪ್ಪು ಹುಬ್ಬಿಗೆ ಗ್ಲೂ ಸ್ಟಿಕ್ ಹಚ್ಚಿ ಸೀದಾ ಕನ್ಸೀಲರ್ ಹಾಕಿದ್ರೆ ಹಸಿರು ಮಿಶ್ರಿತ ಬೂದು ಪಟ್ಟಿ ಕಾಣುತ್ತೆ, ಗ್ಲೂ ಒಣಗಿದ್ಮೇಲೆ ಪೌಡರ್, ಆಮೇಲೆ ಕಪ್ಪು ಛಾಯೆ ಅಡಗಿಸೋ ಕಿತ್ತಳೆ ಕರೆಕ್ಟರ್, ಅದ್ರ ಮೇಲೆ ಕನ್ಸೀಲರ್, ಹೀಗೆ ಹೋಗ್ಬೇಕು. ಇಲ್ಲಾಂದ್ರೆ ಹುಬ್ಬು ಮುಚ್ಚೋದೇ ಬೇಡ, ತೆಳ್ಳಗೆ ಬಾಚಿ ಬಿಟ್ರೂ ಲುಕ್ ಕೆಡಲ್ಲ.

ಕೊನೆಗೆ ಒಂದು ಅಸೈನ್‌ಮೆಂಟ್ ಇರುತ್ತೆ, ಯಾವ್ದಾದ್ರೂ ಒಂದು ಪೋರ್ಟ್ರೇಟಿಂದ ಒಂದೇ ಒಂದು ಅಂಶ ತಗೊಂಡು ಲುಕ್ ಮಾಡ್ಬೇಕು. ನಾನು ಹ್ಯಾಟ್‌ಫೀಲ್ಡ್ ಹೌಸಲ್ಲಿರೋ ರೇನ್‌ಬೋ ಪೋರ್ಟ್ರೇಟ್ ತಗೊಂಡೆ, 1600ರ ಆಸುಪಾಸಿನದು, ರಾಣಿಗೆ ಆಗ ಎಪ್ಪತ್ತರ ಹತ್ರ ವಯಸ್ಸು, ಚಿತ್ರದಲ್ಲಿ ಮಾತ್ರ ಹುಡುಗಿ, ಮೈಮೇಲೆ ಕಣ್ಣು ಕಿವಿ ಬಿಡಿಸಿರೋ ಕಿತ್ತಳೆ ಬಣ್ಣದ ಮೇಲಂಗಿ. ಆ ಕಿತ್ತಳೆಯನ್ನ ತಾಮ್ರದ ಹೊಳಪಾಗಿ ರೆಪ್ಪೆ ತುಂಬ ಹಾಕ್ದೆ, ಲೈನರ್ ಇಲ್ಲ, ಹುಬ್ಬಿನ ತುದಿಗೆ ಒಂದು ಮುತ್ತು. ಮೇಡಂ ಅದನ್ನ ನೋಡಿ ಒಂದೊಂದಾಗಿ ವಿವರವಾಗಿ ಫೀಡ್‌ಬ್ಯಾಕ್ ಕೊಟ್ರು, ಫ್ಲ್ಯಾಶಲ್ಲಿ ಹಣೆ ಬೆಳ್ಳಗೆ ಹೊಡೀತಿದೆ, ಪೌಡರಲ್ಲಿರೋ ಸಿಲಿಕಾ ಕಾರಣ ಇರ್ಬಹುದು, ಅಲ್ಲಿ ಪೌಡರ್ ಕಮ್ಮಿ ಮಾಡಿ ಅಂದ್ರು, ಕಮ್ಮಿ ಮಾಡ್ದೆ, ಸರಿ ಹೋಯ್ತು. ರೆಕಾರ್ಡಿಂಗ್‌ಗಳು ಕೋರ್ಸ್ ಮುಗಿದ್ಮೇಲೂ ನೋಡೋಕೆ ಸಿಗ್ತವೆ, ಪೋರ್ಟ್ರೇಟ್ ಕ್ಲಾಸನ್ನ ದೊಡ್ಡ ಸ್ಕ್ರೀನಲ್ಲೇ ನೋಡಿ, ಫೋನಲ್ಲಿ ಆ ಕಸೂತಿ ಗೆರೆಗಳು ಸರಿಯಾಗಿ ಕಾಣಲ್ಲ.