ಫಿಯೋರಿಗೆ ಬೇರೆ ಸರ್ವರ್ ಹಾಕೋಣ ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ

ಮಂಗಳೂರಿನ ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯೊಂದರಲ್ಲಿ ಐಟಿ ನೋಡಿಕೊಳ್ಳುವವನು ನಾನು. ನಮ್ಮದು ದೊಡ್ಡ ಕಂಪನಿಯೇನಲ್ಲ. ಲೆಕ್ಕ, ಖರೀದಿ, ಸ್ಟಾಕ್ ಎಲ್ಲ ನೋಡಿಕೊಳ್ಳುವ ಎಸ್‌ಎಪಿ ಸಾಫ್ಟ್‌ವೇರ್ ಬಳಸುವವರು ನೂರರ ಆಸುಪಾಸು. ಅದನ್ನು ಬ್ರೌಸರ್‌ನಲ್ಲಿ ತೆರೆಯುವ ಪರದೆಗಳೇ ಫಿಯೋರಿ. ಈಗ ಊರಿನಲ್ಲಿ ಸುಮಾರು ಕಂಪನಿಗಳು ಎಸ್‌ಎಪಿಯ ಹಳೆಯ ಇಸಿಸಿ ಬಿಟ್ಟು ಅದರ ಹೊಸ ಪೀಳಿಗೆಯಾದ ಎಸ್/4 ಹಾನಾಕ್ಕೆ ಹೋಗುವ ಗಡಿಬಿಡಿಯಲ್ಲಿವೆ. ಇಸಿಸಿಯ ಮಾಮೂಲಿ ಮೇಂಟೆನೆನ್ಸ್ 2027ರ ಕೊನೆಗೆ ಮುಗಿಯುತ್ತದಲ್ಲ, ಅದಕ್ಕೆ. ನಾವು 2021ರಲ್ಲೇ ಹೋದೆವು. ಹೋಗುವಾಗ ಮಾಡಿದ ಒಂದು ತಪ್ಪಿಗೆ ಮೂರು ವರ್ಷ ದಂಡ ಕಟ್ಟಿದೆವು.

2023ರ ಜುಲೈ, ಒಂದು ಸೋಮವಾರ ಬೆಳಗ್ಗೆ ಏಳೂವರೆ. ಹೊರಗೆ ಧಾರಾಕಾರ ಮಳೆ. ಪಣಂಬೂರು ಬಂದರಿನಿಂದ ಗೇರುಬೀಜ ತುಂಬಿಕೊಂಡು ಬಂದ ಒಂಬತ್ತು ಲಾರಿ ಗೇಟಿನಲ್ಲಿ ಸಾಲಾಗಿ ನಿಂತಿವೆ. ಸ್ಟೋರಿನ ಹುಡುಗನ ಫೋನ್ ಬಂತು.

"ಸರ್, ಟ್ಯಾಬ್‌ನಲ್ಲಿ ಪಿಒ ನಂಬರ್ ಹಾಕಿದ್ರೆ ಎಂತದೋ ಎರರ್ ಬರ್ತದೆ. ಜಿಆರ್‌ಎನ್ ಆಗ್ತಾ ಇಲ್ಲ."

ಪಿಒ ಅಂದರೆ ಖರೀದಿ ಆರ್ಡರ್, ಜಿಆರ್‌ಎನ್ ಅಂದರೆ ಮಾಲು ಬಂತು ಅನ್ನುವ ದಾಖಲೆ. ಓಡಿಹೋಗಿ ನೋಡಿದೆ. ಲಾಗಿನ್ ಆಗುತ್ತದೆ, ಒಂದೊಂದು ಕೆಲಸಕ್ಕೆ ಒಂದೊಂದು ಚೌಕ, ಆ ಟೈಲ್‌ಗಳೆಲ್ಲ ಕಾಣುತ್ತವೆ. ಸ್ಟಾಕ್ ನೋಡುವ ಟೈಲ್ ಒತ್ತಿದರೆ ಚೆನ್ನಾಗಿಯೇ ತೆರೆಯುತ್ತದೆ. ಅಪ್ರೂವಲ್ ಟೈಲ್ ಒತ್ತಿದರೆ ಬಿಳಿ ಪರದೆ. ಮಾಲು ಒಳಗೆ ತೆಗೆದುಕೊಳ್ಳುವ ಟೈಲ್ ತೆರೆಯುತ್ತದೆ, ನಂಬರ್ ಹಾಕಿದ ಕೂಡಲೇ ಕೆಂಪು ಮೆಸೇಜು. ಪೂರ್ತಿ ಬಿದ್ದಿದ್ದರೆ ಒಂದು ರೀತಿ ವಾಸಿ ಇತ್ತು, ಎಲ್ಲಿ ಹುಡುಕಬೇಕು ಅಂತಾದರೂ ಗೊತ್ತಾಗುತ್ತಿತ್ತು. ನನ್ನ ಮೇಜಿನ ಕಂಪ್ಯೂಟರ್‌ನಲ್ಲಿ ಗುಯಿ, ಅಂದರೆ ಬ್ರೌಸರ್ ಬೇಡದ ಎಸ್‌ಎಪಿ ಪ್ರೋಗ್ರಾಂ ತೆರೆದು, ಮಾಲು ಒಳಗೆ ತೆಗೆದುಕೊಳ್ಳುವ ಮಿಗೋ ಕಮಾಂಡ್ ಹಾಕಿದೆ. ಅದೇ ಪಿಒ, ಅದೇ ಲಾರಿ, ಒಂದೇ ನಿಮಿಷದಲ್ಲಿ ಪೋಸ್ಟ್ ಆಯಿತು. ಅಂದರೆ ಲೆಕ್ಕ ಇಡುವ ಹಿಂದಿನ ಸಿಸ್ಟಂ ಗಟ್ಟಿಯಾಗಿಯೇ ಉಂಟು, ಕೆಟ್ಟಿರುವುದು ಬ್ರೌಸರ್‌ನಿಂದ ಒಳಗೆ ಹೋಗುವ ಬಾಗಿಲು.

ಆ ಬಾಗಿಲನ್ನೇ ನಾವು ಬೇರೆ ಕಡೆ ಕಟ್ಟಿಸಿದ್ದು. ಫಿಯೋರಿ ಪರದೆಗಳನ್ನು ಕೊಡುವ ಫ್ರಂಟ್ ಎಂಡ್ ಭಾಗವನ್ನು ಎಸ್/4 ಹಾನಾ ಇರುವ ಸಿಸ್ಟಂ ಒಳಗೇ ಇಡಬಹುದು. ಅದಕ್ಕೆ ಎಂಬೆಡೆಡ್ ಅಂತಾರೆ. ಬೇರೆ ಸರ್ವರ್‌ನಲ್ಲಿ ಪ್ರತ್ಯೇಕವಾಗಿಯೂ ಇಡಬಹುದು, ಅದು ಹಬ್. ಎಸ್/4 ಹಾನಾಕ್ಕೆ ಎಂಬೆಡೆಡ್ ಮಾಡಿ ಅಂತ ಎಸ್‌ಎಪಿಯೇ ಹೇಳುತ್ತದೆ. ನಮಗೆ ಎಸ್‌ಎಪಿ ಹಾಕಿಕೊಟ್ಟ ಪಾರ್ಟ್ನರ್ ಕಂಪನಿಯವರು ಮಾತ್ರ ಹಬ್ ಅಂತ ಹಟ ಹಿಡಿದರು. "ವೆಬ್ ಲೋಡ್ ಬೇರೆ ಹೋಗ್ತದೆ, ಸೆಕ್ಯುರಿಟಿ ಜಾಸ್ತಿ, ಮುಂದಿನದ್ದು ಬಿದ್ದರೂ ಹಿಂದಿನದ್ದು ಬೀಳುವುದಿಲ್ಲ" ಅಂದರು. ನಾನೂ ತಲೆ ಆಡಿಸಿದೆ. ನಮ್ಮಷ್ಟು ಜನಕ್ಕೆ ಅದೆಂತ ಮಹಾ ಲೋಡು ಅಂತ ಆವತ್ತೇ ಕೇಳಬೇಕಿತ್ತು.

ಸೆಕ್ಯುರಿಟಿ ಮಾತಂತೂ ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಸತ್ಯ. ಹೊರಗಿನಿಂದ ಬರುವವರನ್ನು ಗೇಟಿನಲ್ಲಿ ತಡೆಯುವ ಕೆಲಸ ವೆಬ್ ಡಿಸ್ಪ್ಯಾಚರ್‌ನದು. ಡಿಎಂಜೆಡ್‌ನಲ್ಲಿ, ಅಂದರೆ ಇಂಟರ್ನೆಟ್ಟಿಗೂ ಒಳಗಿನ ನೆಟ್‌ವರ್ಕಿಗೂ ನಡುವಿನ ಜಾಗದಲ್ಲಿ, ಅದನ್ನು ಕೂರಿಸುವುದು ಎರಡೂ ರೀತಿಯಲ್ಲಿ ಬೇಕೇ ಬೇಕು. ಅದಕ್ಕೋಸ್ಕರ ಫಿಯೋರಿಯನ್ನು ಬೇರೆ ಮಾಡಬೇಕಾಗಿಲ್ಲ. 2022ರ ಫೆಬ್ರವರಿಯಲ್ಲಿ ಎಸ್‌ಎಪಿಯಲ್ಲಿ ಬಂದ ಇಕ್‌ಮ್ಯಾಡ್ ಎಂಬ ಸೆಕ್ಯುರಿಟಿ ದೋಷ ನೆನಪಿದೆಯಾ? ಹತ್ತಕ್ಕೆ ಹತ್ತು ಅಂಕದ ಅಪಾಯ, ದೋಷಪಟ್ಟಿಯಲ್ಲಿ ಸಿವಿಇ-2022-22536. ವೆಬ್ ಕೋರಿಕೆ ತೆಗೆದುಕೊಳ್ಳುವ ಐಸಿಎಂ ಎಂಬ ಭಾಗದಲ್ಲೇ ತೂತು, ವೆಬ್ ಡಿಸ್ಪ್ಯಾಚರ್‌ನಲ್ಲೂ. ಎಂಬೆಡೆಡ್ ಆಗಿದ್ದರೆ ನಾನು ಎರಡು ಕಡೆ ಪ್ಯಾಚ್ ಹಾಕಿ ಮಲಗಬಹುದಿತ್ತು. ಹಬ್ ಆದ್ದರಿಂದ ಅದೂ ಸೇರಿ ಮೂರು ಕಡೆ ಹಾಕಬೇಕಾಯಿತು, ಬಂದ್ ಮಾಡುವ ಸಮಯವನ್ನೂ ಮೂರು ಸಲ ಕೇಳಿದೆ. ಪ್ರೊಡಕ್ಷನ್ ಮ್ಯಾನೇಜರ್ ಮುಖ ನೋಡಬೇಕಿತ್ತು ನೀವು.

ಸೋಮವಾರದ ಕಥೆಗೆ ಬರುತ್ತೇನೆ. ಶನಿವಾರ ರಾತ್ರಿ ಪಾರ್ಟ್ನರ್‌ನವರು ಹಿಂದಿನ ಸಿಸ್ಟಂಗೆ ಫೀಚರ್ ಪ್ಯಾಕ್ ಎಂಬ ಅಪ್‌ಡೇಟ್ ಹಾಕಿದ್ದರು. ಹಬ್‌ನಲ್ಲಿರುವ ಪರದೆಗಳ ಭಾಗವೂ ಹಿಂದಿನದಕ್ಕೆ ಹೊಂದುವ ಮಟ್ಟಕ್ಕೆ ಬರಬೇಕು, ಜೊತೆಜೊತೆಗೇ. ಅದನ್ನು ಯಾರೂ ಮುಟ್ಟಿರಲಿಲ್ಲ. ಯಾಕೆ ಅಂದರೆ ಹಬ್ ಸರ್ವರ್ ನೋಡಿಕೊಳ್ಳುವ ವಾರ್ಷಿಕ ಗುತ್ತಿಗೆ (ಎಎಂಸಿ) ಇನ್ನೊಂದು ಕಂಪನಿಗೆ ಹೋಗಿತ್ತು. ಇವರಿಗೆ ಫೋನ್ ಮಾಡಿದರೆ "ನಮ್ಮ ಕಡೆ ಎಲ್ಲ ಗ್ರೀನ್ ಸರ್". ಅವರಿಗೆ ಮಾಡಿದರೆ "ನಾವು ಏನೂ ಬದಲಾಯಿಸಿಲ್ಲ ಸರ್". ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ತಮಾಷೆ. ಸಾಫ್ಟ್‌ವೇರ್‌ನ ದೋಷವೂ ಅಲ್ಲ ಅದು.

ಎರಡು ದಿನ ಹೀಗೇ ಹೋಯಿತು. ಗುಯಿ ಇದ್ದ ಕಂಪ್ಯೂಟರ್ ಆಫೀಸಿನಲ್ಲಿ ಮೂರೇ. ಸ್ಟೋರಿನ ಹುಡುಗ ಲಾರಿ ತೂಗುವ ವೇ ಬ್ರಿಡ್ಜ್ ಚೀಟಿಗಳನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ, ಮಳೆಯಲ್ಲಿ ಓಡಿಕೊಂಡು ಬಂದು ಕೊಡುವುದು, ನಾವು ಟೈಪ್ ಮಾಡುವುದು. ಒದ್ದೆಯಾದ ಒಂದು ಚೀಟಿಯಲ್ಲಿ 6 ಅಂತ ಇದ್ದದ್ದನ್ನು 8 ಅಂತ ಓದಿ, ಇಲ್ಲದ ಎರಡು ಟನ್ ಗೇರುಬೀಜ ನಮ್ಮ ಸ್ಟಾಕ್‌ಗೆ ಬಂತು. ಬೀಜ ಕತ್ತರಿಸಿ ಗುಣಮಟ್ಟ ನೋಡುವ ಕಟಿಂಗ್ ಟೆಸ್ಟ್ ಆಗಿ ಇಳಿಸಲಿಕ್ಕೆ ತಯಾರಾದ ಮಾಲು ಟಾರ್ಪಾಲಿನ ಕೆಳಗೆ ತೇವ ಹಿಡಿಯುತ್ತಾ ಕೂತಿತ್ತು. ಬುಧವಾರ ಮಧ್ಯಾಹ್ನ ಹಬ್‌ಗೂ ಅಪ್‌ಡೇಟ್ ಹಾಕಿ, ಸಿಸ್ಟಂ ಉಳಿಸಿಟ್ಟುಕೊಂಡಿದ್ದ ಹಳೆಯ ಪ್ರತಿಗಳನ್ನು (ಕ್ಯಾಶೆ) ಅಳಿಸಿದ ಮೇಲೆ ಟ್ಯಾಬ್ ಸರಿಹೋಯಿತು.

ಇದು ದೊಡ್ಡದು. ಸಣ್ಣವು ತಿಂಗಳಿಗೊಂದು. ಹೊಸಬರು ಸೇರಿದರೆ ಎರಡು ಕಡೆ ಯೂಸರ್, ಎರಡು ಕಡೆ ರೋಲ್, ಅಂದರೆ ಯಾರು ಏನು ಮಾಡಬಹುದು ಅನ್ನುವ ಅನುಮತಿ. ಒಂದು ಕಡೆ ಮರೆತರೆ ಟೈಲ್ ಕಾಣುತ್ತದೆ, ಒಳಗೆ ಬಿಡುವುದಿಲ್ಲ. ಎರಡರ ನಡುವೆ ಒಂದು ಇನ್ನೊಂದನ್ನು ನಂಬುವ ಕನೆಕ್ಷನ್ (ಆರ್‌ಎಫ್‌ಸಿ) ಬೇಕು, ಅದನ್ನೂ ಕಾಯಬೇಕು. ಇನ್ನೊಂದು ಡೇಟಾಬೇಸ್, ಇನ್ನೊಂದು ಬ್ಯಾಕಪ್, ಇನ್ನೊಂದು ಸೆಕ್ಯುರಿಟಿ ಸರ್ಟಿಫಿಕೇಟ್. ಸರ್ಟಿಫಿಕೇಟ್ ಮುಗಿದದ್ದು ಗೊತ್ತಾದದ್ದು ಒಂದು ಭಾನುವಾರ, ಮದುವೆ ಊಟಕ್ಕೆ ಕೂತಾಗ.

ಹಳಬರಿಗೆ ಇದು ಹೊಸ ಕಥೆಯೂ ಅಲ್ಲ. ಮೊದಲು ಎಸ್‌ಎಪಿಯನ್ನು ಬ್ರೌಸರ್‌ನಲ್ಲಿ ತೋರಿಸಲಿಕ್ಕೆ ಐಟಿಎಸ್ ಅಂತ ಇತ್ತು. ವೆಬ್ ಸರ್ವರ್‌ನಲ್ಲಿ ಡಬ್ಲ್ಯೂಗೇಟ್, ಹಿಂದೆ ಎಗೇಟ್ ಎಂಬ ಎರಡು ಭಾಗ, ಎರಡೂ ಆಗಿನ ಎಸ್‌ಎಪಿಯಾದ ಆರ್/3ಯ ಹೊರಗೆ. ಆಮೇಲೆ 6.40 ಆವೃತ್ತಿಯಲ್ಲಿ ಅದನ್ನು ಎಸ್‌ಎಪಿಯ ಮೂಲಭಾಗವಾದ ಕರ್ನಲ್ ಒಳಗೇ ಸೇರಿಸಿದರು, ಪ್ರತ್ಯೇಕ ಐಟಿಎಸ್ 6.20ಕ್ಕೇ ನಿಂತಿತು. ಹೊರಗಿದ್ದದ್ದು ಒಳಗೆ ಬರುವುದನ್ನು ಒಮ್ಮೆ ನೋಡಿದವನೇ ನಾನು. ಆದರೂ ಬಿದ್ದೆ.

ಹಬ್ ಯಾರಿಗೂ ಬೇಡ ಅನ್ನುವುದಿಲ್ಲ. ಹಳೆಯ ಇಸಿಸಿ, ಇನ್ನೊಂದೆರಡು ಸಿಸ್ಟಂ, ಎಲ್ಲದಕ್ಕೂ ಒಂದೇ ಬಾಗಿಲು ಬೇಕು ಅಂದರೆ ಅದಕ್ಕೆ ಅರ್ಥ ಉಂಟು. ನಿಮ್ಮ ಹತ್ತಿರ ಇರುವುದು ಒಂದೇ ಎಸ್/4 ಹಾನಾ ಆದರೆ ಸುಮ್ನೆ ಯಾಕೆ ಮಾರಾಯ್ರೇ? ಹಬ್ ಆಗಲೇಬೇಕು ಅನ್ನುವವರ ಹತ್ತಿರ ಎರಡು ಮಾತು ಬರೆಸಿಕೊಳ್ಳಿ: ಹಿಂದಿನದಕ್ಕೆ ಪ್ಯಾಕ್ ಹಾಕುವಾಗ ಮುಂದಿನದನ್ನೂ ಅದೇ ಸಲ ಹಾಕುವವರು ಯಾರು, ಟೈಲ್ ತೆರೆಯದಿದ್ದರೆ ಮೊದಲ ಫೋನ್ ಯಾರಿಗೆ. ಎಎಂಸಿ ಎರಡು ಕಡೆ ಹಂಚಬೇಡಿ. ಟೆಸ್ಟ್ ಸಿಸ್ಟಂನಲ್ಲಿ ಪ್ಯಾಕ್ ಹಾಕಿದ ಮೇಲೆ ಗುಯಿಯಲ್ಲಿ ನೋಡಿ ಓಕೆ ಅಂದರೆ ಒಪ್ಪಬೇಡಿ, ಸ್ಟೋರಿನ ಟ್ಯಾಬ್‌ನಲ್ಲೇ ಒಂದು ಜಿಆರ್‌ಎನ್ ಮಾಡಿ ತೋರಿಸಲಿ.

2024ರಲ್ಲಿ ಬಾಸ್‌ಗೆ ಹೇಳಿ ಎಂಬೆಡೆಡ್‌ಗೆ ಬಂದೆವು. ರೋಲ್‌ಗಳನ್ನು ಸರಿಮಾಡಲಿಕ್ಕೆ ಆರು ವಾರ ಹಿಡಿಯಿತು. ಜನ ತಮಗೆ ಬೇಕಾದ ಹಾಗೆ ಜೋಡಿಸಿಕೊಂಡಿದ್ದ ಟೈಲ್‌ಗಳನ್ನೂ ತರಬೇಕಿತ್ತು, ಅದು ನನ್ನ ತಲೆಗೆ ಹೋಗಲೇ ಇಲ್ಲ. ಎಲ್ಲ ಹೋಯಿತು. ಅಕೌಂಟ್ಸ್‌ನ ಅಕ್ಕ ಮೂರು ವರ್ಷ ಒಪ್ಪವಾಗಿ ಜೋಡಿಸಿಟ್ಟಿದ್ದರಂತೆ. ಈಗಲೂ ಬಿಲ್ಲಿನ ಕೆಲಸಕ್ಕೆ ಅವರ ಹತ್ತಿರ ಹೋದರೆ ನನ್ನನ್ನು ಕೊನೆಯಲ್ಲೇ ಕರೆಯುತ್ತಾರೆ.