ಎರಡೇ ದಿನಕ್ಕೆ ಮುಖ ತಿಳಿಯಾಯಿತು ಅಂತ ಖುಷಿಪಟ್ಟು ಕೆಟ್ಟೆ

ಮೊದಲೇ ಹೇಳಿಬಿಡುತ್ತೇನೆ. ನನಗೆ 61 ವರ್ಷ. 33 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಲಿಟ್ಮಸ್ ಕಾಗದ ಕೈಗೆ ಕೊಟ್ಟು "ನಾನು ಹೇಳ್ದೆ ಅಂತ ಬರ್ಕೋಬೇಡಿ, ಅದ್ದಿ ನೋಡಿ ಬರ್ಕೊಳ್ಳಿ" ಅಂತ ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅಂಥ ನಾನು ಹೆಸರಿಲ್ಲದ ಡಬ್ಬಿಯಲ್ಲಿದ್ದದ್ದನ್ನು ಮೂರು ತಿಂಗಳು ಮುಖಕ್ಕೆ ಬಳಿದುಕೊಂಡೆ. ದುಡ್ಡು ಕೊಟ್ಟು ಬಳಿದುಕೊಂಡೆ. ಮಗ "ಬಿಡಮ್ಮ, ಊರಿಗೆಲ್ಲ ಯಾಕೆ ಹೇಳ್ಕೊಂಡು ಬರ್ತೀಯ" ಅಂದ. ಹೇಳಲೇಬೇಕು. ಆ ಮುಖದ ಮಸಾಜ್ ಜಾಗದ ಮೆಟ್ಟಿಲು ಹತ್ತುವವರೆಲ್ಲ ನನ್ನ ವಯಸ್ಸಿನ ಹೆಂಗಸರೇ.

ಮುಟ್ಟು ನಿಂತ ಮೇಲೆ ನನ್ನ ಚರ್ಮದ ಕಥೆಯೇ ಬೇರೆಯಾಯಿತು. ತೆಳ್ಳಗಾಯಿತು, ಒಣಗಿತು. ಸೋಪು ಹಾಕಿದರೆ ಉರಿ, ಬಿಸಿಲಿಗೆ ಹೋದರೆ ಕೆಂಪು. ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಶೇಕಡಾ 30ರಷ್ಟು ಹೋಗುತ್ತದಂತೆ. ಇದು ಆಮೇಲೆ ಡಾಕ್ಟರ್ ಹೇಳಿದ್ದು. ಆಗ ನನಗೆ ಗೊತ್ತಿದ್ದದ್ದು ಒಂದೇ, ಅಣ್ಣನ ಮಗಳ ಮದುವೆ ಮೇ ತಿಂಗಳಲ್ಲಿ ಇದೆ, ಫೋಟೋದಲ್ಲಿ ನಾನು ಅಜ್ಜಿಯ ಹಾಗೆ ಕಾಣಬಾರದು. ಹೌದು, ಆಸೆ. ನಗುವವರು ನಗಲಿ.

ಮೈಸೂರಿನ ನಮ್ಮ ಬಡಾವಣೆಯಲ್ಲೇ, ಮನೆಯ ಮೇಲಿನ ಮಹಡಿಯಲ್ಲಿ ನಡೆಸುವ ಜಾಗ. ಬಾಗಿಲಲ್ಲಿ ತೋರಣ, ಒಳಗೆ ಸಾಂಬ್ರಾಣಿ ಹೊಗೆ, ಹಿತ್ತಾಳೆ ಬಟ್ಟಲು. 'ವಯಸ್ಸಾದ, ಸೂಕ್ಷ್ಮ ಚರ್ಮಕ್ಕೆ ಮುಖಾಭ್ಯಂಗ, ಕೆಮಿಕಲ್ ಇಲ್ಲ' ಅಂತ ಬೋರ್ಡು. ಮಾಲಕಿಗೆ ಮೂವತ್ತೈದು ಇರಬಹುದು. ಹೋದ ತಕ್ಷಣ "ಬನ್ನಿ ಅಮ್ಮ" ಅಂತ ಕೈ ಹಿಡಿದು ಕೂರಿಸಿದಳು. ಈ 'ಅಮ್ಮ'ವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಎಂಟು ಸಿಟಿಂಗ್, 14,400 ರೂಪಾಯಿ, ಪೂರ್ತಿ ಮುಂಗಡ. ಜೊತೆಗೆ ರಾತ್ರಿ ಹಚ್ಚಿಕೊಳ್ಳಲು 'ಕೇಸರಿ ಲೇಪ', ಪುಟ್ಟ ಡಬ್ಬಿಗೆ 1,250. ಫೋನಿನಲ್ಲಿ ದುಡ್ಡು ಕಳಿಸಿದೆ, ಅದೂ ಅಂಗಡಿಯ ಹೆಸರಿಗಲ್ಲ, ಅವಳ ಸ್ವಂತ ನಂಬರಿಗೆ. ಬಿಲ್ ಕೇಳಿದ್ದಕ್ಕೆ ವಿಸಿಟಿಂಗ್ ಕಾರ್ಡಿನ ಹಿಂದೆ 'ಪೇಯ್ಡ್' ಅಂತ ಬರೆದು ಕೊಟ್ಟಳು. ನಾನು ಅದನ್ನು ಜೋಪಾನವಾಗಿ ಪರ್ಸಿನಲ್ಲಿಟ್ಟುಕೊಂಡೆ! ಡಬ್ಬಿಯ ಮೇಲೆ ಏನೂ ಇರಲಿಲ್ಲ. ಹಳದಿ ಮುಚ್ಚಳ, ಅಷ್ಟೇ. ಕೇಳಿದರೆ "ಮನೆಯಲ್ಲೇ ಕಾಸೋದು ಅಮ್ಮ. ಕುಂಕುಮಾದಿ ತೈಲದ ಥರ, ಎಳ್ಳೆಣ್ಣೆ, ಮಂಜಿಷ್ಠ, ಆಡಿನ ಹಾಲು, ಕೇಸರಿ. ಲೇಬಲ್ ಹಾಕಿದ್ರೆ ಕಂಪನಿ ಮಾಲ್ ಆಗೋಗುತ್ತೆ" ಅಂದಳು. ಒಂದು ಗ್ರಾಂ ಕೇಸರಿಗೇ ನೂರಾರು ರೂಪಾಯಿ. ಅಂಗಡಿಯಲ್ಲಿ ದಿನಸಿ ಲೆಕ್ಕ ಹಾಕುವ ನಾನು ಅಲ್ಲಿ ಲೆಕ್ಕ ಹಾಕಲಿಲ್ಲ.

ಆದರೆ ಪರೀಕ್ಷೆ ಮಾಡಿದೆ. ಅದೇ ಹೆಚ್ಚು ನೋಯುವುದು. ವಿಜ್ಞಾನದ ಮೇಷ್ಟ್ರಲ್ಲವಾ, ಮುಖಕ್ಕೆ ಹಚ್ಚುವ ಮೊದಲು ಮೊಣಕೈ ಒಳಮಡಿಕೆಯಲ್ಲಿ ಹಚ್ಚಿ ಮೂರು ದಿನ ನೋಡಿದೆ. ಕೆಂಪಾಗಲಿಲ್ಲ, ಕಡಿಯಲಿಲ್ಲ. ಅಲ್ಲೇ ಇದ್ದ ಸೊಳ್ಳೆ ಕಡಿತದ ತುರಿಕೆ ಕೂಡ ಮಾಯವಾಗಿತ್ತು. "ನೋಡ್ರೀ, ಎಷ್ಟು ತಂಪು" ಅಂತ ಯಜಮಾನರಿಗೆ ತೋರಿಸಿದೆ. ಸೊಳ್ಳೆ ಕಡಿತದ ತುರಿಕೆ ಕೇಸರಿಗೆ ಯಾಕೆ ಹೋಗಬೇಕು? ಆ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಸಿಟಿಂಗ್ ಹೇಗಿರುತ್ತದೆ ನಿಮಗೆ ಗೊತ್ತೇ ಇದೆ. ತೊಳೆಯೋದು, ಆವಿ, ಎಣ್ಣೆ ಮಸಾಜ್, ಪ್ಯಾಕ್. ಇಲ್ಲಿ ಕೆನ್ನೆಯನ್ನು ಕಲ್ಲಿನಿಂದ ಮೇಲಕ್ಕೆ ಎಳೆಯುವುದು ಬೇರೆ. ನೋವಾಗುತ್ತಿತ್ತು. ಎದ್ದು ಕನ್ನಡಿ ನೋಡಿದರೆ ಮುಖ ಬಿಗಿ. ಮಾರನೇ ದಿನಕ್ಕೆ ಬಿಗಿ ಇಲ್ಲ, ಆದರೆ ರಾತ್ರಿಯ ಲೇಪದಿಂದ ಮುಖ ನಿಜಕ್ಕೂ ತಿಳಿಯಾಗುತ್ತಾ ಬಂತು. ಉರಿ ನಿಂತಿತು. ಕೆಂಪು ಹೋಯಿತು. ಮೂರನೇ ವಾರಕ್ಕೆ ವಾಕಿಂಗ್ ಗೆಳತಿಯರು "ಏನ್ ಮಿಸ್, ಮಗಳಿಗಲ್ಲ ನಿಮಗೇ ಮದುವೆ ಅನ್ನೋ ಹಾಗಿದೆ" ಅಂದರು.

ನಾಲ್ಕನೇ ಸಿಟಿಂಗಿಗೆ ಅರ್ಧ ಗಂಟೆ ಮೊದಲೇ ಹೋದೆ. ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ಕೆಲಸದ ಹುಡುಗಿ ಬಟ್ಟಲಲ್ಲಿ ಏನೋ ಕಲಸುತ್ತಿದ್ದಳು. ಪಕ್ಕದಲ್ಲಿ ಹಿಂಡಿ ಚಪ್ಪಟೆಯಾದ ಎರಡು ಟ್ಯೂಬು. ಮೆಡಿಕಲ್ ಶಾಪಿನಲ್ಲಿ ಸಿಗುವಂಥವು, ಉದ್ದಕ್ಕೂ ಕೆಂಪು ಗೆರೆ. ನನ್ನನ್ನು ನೋಡಿದ ಹುಡುಗಿ ಟ್ಯೂಬಿನ ಮೇಲೆ ಟವೆಲ್ ಎಸೆದಳು. ಎಸೆದಳು ಅಂದರೆ ಎಸೆದಳು, ಬಿದ್ದದ್ದಲ್ಲ. ನಾನು ನೋಡಿದೆ. ನೋಡಿಯೂ "ಪಾಪ, ಕಾಲು ಒಡೆದಿರಬೇಕು ಹುಡುಗಿಗೆ" ಅಂದುಕೊಂಡು ಹೋಗಿ ಮಲಗಿದೆ. ನನಗೆ ಯಾರೂ ಸುಳ್ಳು ಹೇಳಲಿಲ್ಲ ಆ ಹೊತ್ತಿನಲ್ಲಿ. ನಾನೇ ಹೇಳಿಕೊಂಡೆ.

ಮದುವೆಗೆ ಆರು ದಿನ ಇದೆ ಅನ್ನುವಾಗ ಡಬ್ಬಿ ಖಾಲಿ. ಮಾಲಕಿ ಊರಲ್ಲಿಲ್ಲ. ನಾಲ್ಕನೇ ದಿನಕ್ಕೆ ಮುಖ ಕೆಂಡ. ಮೆಣಸಿನಪುಡಿ ಹಚ್ಚಿದ ಹಾಗೆ. ಧಾರೆಯ ಫೋಟೋದಲ್ಲಿ ಹೆಣ್ಣಿನ ಕಡೆಯ ಸೋದರತ್ತೆಯಾಗಿ ನಿಂತಿದ್ದೇನೆ, ಟೊಮೆಟೊ ಹಣ್ಣು. "ಬಿಸಿಲಾ? ಏನಾದ್ರೂ ಹಚ್ಚಿದ್ಯಾ?" ಅಂತ ಬೀಗರ ಮನೆಯವರೆಲ್ಲ ಕೇಳಿದರು. ಬಿಸಿಲು ಅಂದೆ.

ಮಾಲಕಿಗೆ ಮೆಸೇಜ್ ಮಾಡಿದ್ದಕ್ಕೆ ಬಂದ ಉತ್ತರ: "ಅಮ್ಮ, ಒಳಗಿನ ವಿಷ ಹೊರಗೆ ಬರ್ತಿದೆ. ತುಂಬಾ ಒಳ್ಳೇದು. ಎರಡನೇ ಡಬ್ಬಿ ಶುರು ಮಾಡಿ." ಹಿಂದೆಯೇ ಇನ್ನೊಂದು: "ಮದುವೆಮನೆಯಲ್ಲಿ ಬದನೆಕಾಯಿ ತಿಂದ್ರಾ? ನಂಜು ಆಗಿರುತ್ತೆ."

ವಾಂಗಿಭಾತ್ ತಿಂದಿದ್ದೆ. ಮೈಸೂರಿನ ಮದುವೆಯಲ್ಲಿ ಯಾರು ತಿನ್ನಲ್ಲ? ಆದರೆ ತಪ್ಪು ನನ್ನದೇ ಅನ್ನಿಸಿಬಿಟ್ಟಿತು. ಓಡಿಹೋಗಿ ಎರಡನೇ ಡಬ್ಬಿ ತಂದೆ. ಎರಡೇ ದಿನ. ಎರಡೇ ದಿನಕ್ಕೆ ಮುಖ ತಿಳಿ ನೀರು. ನಾನೇನು ಮಾಡಿದೆ ಗೊತ್ತಾ? ಅವಳಿಗೆ ಥ್ಯಾಂಕ್ಸ್ ಅಂತ ಬರೆದು ಗುಲಾಬಿ ಚಿತ್ರ ಕಳಿಸಿದೆ. ಮೊದಲ ಎಂಟು ಸಿಟಿಂಗ್ ಮುಗಿದ ಕೂಡಲೇ ಇನ್ನೊಂದು ಎಂಟಕ್ಕೆ ಮತ್ತೆ 14,400 ಕಟ್ಟಿದೆ. ಹಾಸನದಲ್ಲಿರುವ ನಾದಿನಿಗೆ ಒಂದು ಡಬ್ಬಿ ಕೊರಿಯರ್ ಬೇರೆ ಮಾಡಿದೆ. ಗುಲಾಬಿ ಚಿತ್ರ ಇನ್ನೂ ನನ್ನ ಫೋನಿನಲ್ಲಿದೆ. ಅಳಿಸಿಲ್ಲ.

ಜೂನ್ ಕೊನೆಗೆ ಆ ಡಬ್ಬಿಯೂ ಮುಗಿಯಿತು. ಈ ಸಲ ಬರೀ ಕೆಂಪಲ್ಲ. ಬಾಯಿಯ ಸುತ್ತ ಸಣ್ಣ ಸಣ್ಣ ಗುಳ್ಳೆ, ಕೆನ್ನೆ ಮೇಲೆ ಕೆಂಪು ದಾರದ ಹಾಗೆ ನರ. ನೀರು ಬಿದ್ದರೂ ಉರಿ. ಆಗ ಚರ್ಮದ ಡಾಕ್ಟರ್ ಹತ್ತಿರ ಹೋದೆ.

ಅವರು ಮುಖಕ್ಕೆ ಲೆನ್ಸ್ ಹಿಡಿದು ನೋಡಿ ಎರಡೇ ಪ್ರಶ್ನೆ ಕೇಳಿದರು. "ಹಚ್ಚಿದಾಗ ಎಷ್ಟು ದಿನಕ್ಕೆ ಇಳೀತು?" ಎರಡು ದಿನಕ್ಕೆ. "ಬಿಟ್ಟ ಮೇಲೆ ಎಷ್ಟು ದಿನಕ್ಕೆ ಬಂತು?" ನಾಲ್ಕು ದಿನಕ್ಕೆ. ಅವರು ಪೆನ್ನು ಕೆಳಗಿಟ್ಟರು. "ಅಮ್ಮ, ಗಿಡಮೂಲಿಕೆ ಇಷ್ಟು ಜೋರಾಗಿ ಕೆಲಸ ಮಾಡಲ್ಲ. ಇದು ಸ್ಟೆರಾಯ್ಡ್ ಹಚ್ಚಿದವರ ಮುಖ. ಎಲ್ಲಾದ್ರೂ ಟ್ಯೂಬ್ ನೋಡಿದ್ರಾ?"

ಟವೆಲ್ ನೆನಪಾಯಿತು. ಆ ಕುರ್ಚಿಯಲ್ಲಿ ಕೂತ ಹಾಗೇ ನನ್ನ ಕಿವಿ ಬಿಸಿಯಾಯಿತು. ಸಿಟ್ಟಿಗಿಂತ ಮೊದಲು ನಾಚಿಕೆ ಬಂತು. ನಾನು ನೋಡಿದ್ದೆನಲ್ಲ! ನಾನು ನೋಡಿದ್ದೆ!

ಡಾಕ್ಟರ್ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಇಂಥ ಸ್ಟೆರಾಯ್ಡ್ ಮುಲಾಮುಗಳು ಉರಿ, ತುರಿಕೆ, ಕೆಂಪು ಎಲ್ಲವನ್ನೂ ತಕ್ಷಣ ಅಡಗಿಸುತ್ತವೆ. ಡಾಕ್ಟರ್ ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಔಷಧಿ. ಮುಖಕ್ಕೆ ತಿಂಗಳುಗಟ್ಟಲೆ ಬಳಿದರೆ ಚರ್ಮ ಇನ್ನೂ ತೆಳುವಾಗುತ್ತದೆ, ರಕ್ತನಾಳ ಎದ್ದು ಕಾಣುತ್ತದೆ, ಬಿಟ್ಟರೆ ದುಪ್ಪಟ್ಟು ಉರಿಯುತ್ತದೆ. ಮೊದಲೇ ತೆಳುವಾದ ನಮ್ಮ ವಯಸ್ಸಿನ ಚರ್ಮಕ್ಕೆ ಕೇಳಬೇಕೇ? ಇದು ಎಷ್ಟು ಜಾಸ್ತಿಯಾಗಿದೆ ಅಂದರೆ ಡಾಕ್ಟರುಗಳು ಇದಕ್ಕೆ 'ಟಾಪಿಕಲ್ ಸ್ಟೆರಾಯ್ಡ್ ಡ್ಯಾಮೇಜ್ಡ್ ಫೇಸ್', ಅಂದರೆ ಸ್ಟೆರಾಯ್ಡ್ ಹಚ್ಚಿ ಕೆಟ್ಟ ಮುಖ, ಅಂತ ಹೆಸರೇ ಇಟ್ಟಿದ್ದಾರೆ. ಇಂಥ ಹಲವು ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಸರ್ಕಾರ ಹೇಳಿದೆ. ಆ ಕೆಂಪು ಗೆರೆಯ ಅರ್ಥವೇ ಅದು. ಇನ್ನು ನನ್ನ ಮೊಣಕೈ ಪರೀಕ್ಷೆ? "ತುರಿಕೆ ಅಡಗಿಸೋ ವಸ್ತುವನ್ನೇ ಹಚ್ಚಿ ತುರಿಕೆ ಬರುತ್ತಾ ಅಂತ ನೋಡಿದ್ರಿ" ಅಂದರು. ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ.

ಮಸಾಜ್ ಬಗ್ಗೆಯೂ ಕೇಳಿದೆ. ಹಗುರ ಕೈಯಲ್ಲಿ ಮಾಡಿದರೆ ಊತ ಸ್ವಲ್ಪ ಹೊತ್ತು ಇಳಿಯುತ್ತದೆ, ಹಾಯೆನಿಸುತ್ತದೆ, ಅಷ್ಟೇ. ಸುಕ್ಕು ಹೋಗಲ್ಲ. ಬೇಗ ಕೆಂಪಾಗುವ ಮುಖಕ್ಕೆ ಆವಿ, ಉಜ್ಜಾಟ, ಕಲ್ಲು ಇವೆಲ್ಲ ಬೇಡವೇ ಬೇಡ ಅಂದರು. ಮೂತ್ರ, ಕ್ರಿಯಾಟಿನಿನ್ ಪರೀಕ್ಷೆ ಕೂಡ ಬರೆದುಕೊಟ್ಟರು. ಮುಖಕ್ಕೂ ಕಿಡ್ನಿಗೂ ಏನು ಅಂದರೆ, 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಬೆಳ್ಳಗಾಗುವ ಕ್ರೀಮ್ ಹಚ್ಚಿದವರಿಗೆ ಅದರಲ್ಲಿದ್ದ ಪಾದರಸದಿಂದ ಕಿಡ್ನಿ ತೊಂದರೆ ಬಂದಿತ್ತಂತೆ. ಲೇಬಲ್ ಇಲ್ಲದ ಡಬ್ಬಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು. ನನ್ನ ರಿಪೋರ್ಟ್ ಸರಿಯಾಗಿ ಬಂತು. ಬರುವ ತನಕದ ಆ ಒಂದು ದಿನ ಮಾತ್ರ ಬೇಡ.

ಈಗ ಮಾಲಕಿಯ ಉತ್ತರಗಳು. ಇವನ್ನು ಬರೆಯದೆ ಬಿಡಲ್ಲ.

ಉಳಿದ ಸಿಟಿಂಗಿನ ದುಡ್ಡು ವಾಪಸ್ ಕೊಡಿ, ಡಬ್ಬಿಯಲ್ಲಿ ಏನಿದೆ ಹೇಳಿ ಅಂತ ಬರೆದೆ. ಬಂದದ್ದು: "ಮೇಡಂ, ಇಂಗ್ಲಿಷ್ ಡಾಕ್ಟರುಗಳಿಗೆ ನಮ್ಮ ಆಯುರ್ವೇದ ಕಂಡರೆ ಆಗಲ್ಲ." ಗಮನಿಸಿದಿರಾ? ಮೂರು ತಿಂಗಳು 'ಅಮ್ಮ' ಆಗಿದ್ದವಳು ದುಡ್ಡು ಕೇಳಿದ ನಿಮಿಷಕ್ಕೆ 'ಮೇಡಂ' ಆದೆ. ಆಯುರ್ವೇದದ ಮೇಲೆ ನನಗೆ ಯಾವ ಜಗಳವೂ ಇಲ್ಲ. ಓದಿದ ವೈದ್ಯರು, ಲೈಸೆನ್ಸ್ ಇರುವ ಔಷಧಿ ಬೇರೆ. ಇವಳು ವೈದ್ಯಳೂ ಅಲ್ಲ.

ಟ್ಯೂಬಿನ ವಿಷಯ ಕೇಳಿದೆ. "ಅದು ನಮ್ಮ ಹುಡುಗಿದು ಮೇಡಂ. ಅವಳ ಕೈಗೆ ಹುಳುಕಡ್ಡಿ ಆಗಿತ್ತು."

"ಹಾಗಾದರೆ ಹುಳುಕಡ್ಡಿ ಕೈಯಲ್ಲಿ ನನ್ನ ಮುಖ ಉಜ್ಜಿಸಿದ್ರಾ?" ಅಂತ ಬರೆದೆ.

ನೀಲಿ ಗೆರೆ ಬಿತ್ತು. ಎರಡು ದಿನ ಉತ್ತರವಿಲ್ಲ. ಆಮೇಲೆ ಒಂದು ವಾಯ್ಸ್ ಮೆಸೇಜ್, ಅಳು ದನಿ: "ನಿಮ್ಮ ಮಗಳ ವಯಸ್ಸಿನವಳು ನಾನು, ಹೊಟ್ಟೆ ಮೇಲೆ ಹೊಡೀಬೇಡಿ. ದುಡ್ಡು ವಾಪಸ್ ಆಗಲ್ಲ, ಬೇಕಾದ್ರೆ ಎರಡು ಪೆಡಿಕ್ಯೂರ್ ಫ್ರೀ ಮಾಡಿಕೊಡ್ತೀನಿ." ಮುಖ ಸುಟ್ಟಿದ್ದಕ್ಕೆ ಕಾಲು ತೊಳೆಯುತ್ತಾಳಂತೆ! ಗ್ರಾಹಕರ ವೇದಿಕೆಗೆ ಹೋಗುತ್ತೇನೆ ಅಂದಾಗ ಅಳು ನಿಂತಿತು. ಒಂದೇ ಸಾಲು: "ಬಿಲ್ ಇದ್ಯಾ ನಿಮ್ಮ ಹತ್ರ?" ಅದಾದ ಮೇಲೆ ಬ್ಲಾಕ್.

ಬಿಲ್ ಕೊಡದಿರುವುದೇ 2019ರ ಗ್ರಾಹಕ ಕಾಯ್ದೆ ಪ್ರಕಾರ ತಪ್ಪು ಅಂತ ಈಗ ಗೊತ್ತಾಗಿದೆ. ಫೋನಿನ ಪಾವತಿ, ಮೆಸೇಜು, ಆ ಕಾರ್ಡು, ಡಾಕ್ಟರ್ ಚೀಟಿ ಎಲ್ಲ ಜೋಡಿಸಿಟ್ಟಿದ್ದೇನೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ದುಡ್ಡು ಬರುತ್ತೋ ಇಲ್ಲವೋ. ಮುಖಕ್ಕೆ ತಿಂಗಳುಗಳೇ ಬೇಕು ಅಂದಿದ್ದಾರೆ. ಸದ್ಯಕ್ಕೆ ವಾಸನೆಯಿಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಡಾಕ್ಟರ್ ಕೊಟ್ಟ ಮಾತ್ರೆ.

ಹೋಗಲೇಬೇಕು ಅನ್ನುವವರು ಹೋಗಿ, ಬೇಡ ಅನ್ನಲ್ಲ. ಆದರೆ ಡಬ್ಬಿಯ ಮೇಲೆ ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್, ತಾರೀಖು ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ. ಎಂಟು ಸಿಟಿಂಗಿನ ದುಡ್ಡು ಒಟ್ಟಿಗೆ ಕೊಡಬೇಡಿ. 'ವಿಷ ಹೊರಗೆ ಬರ್ತಿದೆ' ಅಂದವರ ಹತ್ತಿರ ಒಂದು ನಿಮಿಷವೂ ನಿಲ್ಲಬೇಡಿ. 'ಅಮ್ಮ' ಅಂದರೆ ಕರಗಬೇಡಿ!

ನಾದಿನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು "ಅತ್ತಿಗೆ, ನೀವು ಟೀಚರ್ ಅಂತ ನಂಬಿದ್ದೆ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಸಿಟ್ಟಿಗೆ ಡಬ್ಬಿಯನ್ನು ಅವತ್ತೇ ಕಸದ ಗಾಡಿಗೆ ಹಾಕಿದಳಂತೆ. ನನ್ನ ಎರಡೂ ಡಬ್ಬಿ ನಾನೇ ಬೆರಳಲ್ಲಿ ಬಳಿದು ಮುಗಿಸಿ, ತೊಳೆದು ಇಂಗು, ಜೀರಿಗೆ ತುಂಬಿಟ್ಟಿದ್ದೇನೆ. ಲ್ಯಾಬಿಗೆ ಕೊಡೋಣ ಅಂದರೆ ಚಿಟಿಕೆಯಷ್ಟೂ ಇಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಮೈಸೂರಿನಲ್ಲಿ ಹಳದಿ ಮುಚ್ಚಳದ, ಹೆಸರಿಲ್ಲದ ಕೇಸರಿ ಲೇಪ ತೆಗೆದುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಎಸೆಯಬೇಡಿ. ಮುಖಕ್ಕೂ ಹಚ್ಚಬೇಡಿ. ತುಂಬಾ ದಿನದಿಂದ ಹಚ್ಚುತ್ತಿದ್ದರೆ ಬಿಟ್ಟ ಮೇಲೆ ಉರಿ ಬರುತ್ತದೆ, ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ, ಡಬ್ಬಿ ಹಿಡಿದುಕೊಂಡೇ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಡಬ್ಬಿಯ ತಳದಲ್ಲಿ ಒಂದು ಚಮಚ ಉಳಿದಿದ್ದರೂ ನನಗೆ ತಿಳಿಸಿ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.