ಟೋಕಿಯೊದಲ್ಲಿ ‘ಪ್ಯೂರ್ ವೆಜ್ ರಾಮೆನ್ ಟೂರ್’ ಅಂತ ಯಾರಾದರೂ ಕನ್ನಡದಲ್ಲಿ ಕರೆದರೆ, ಹೋಗುವ ಮುಂಚೆ ಇದನ್ನು ಓದಿ

ಜಪಾನಿಗೆ ಹೊರಟಿರುವವರು, ಅದರಲ್ಲೂ ಸಸ್ಯಾಹಾರಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟಿರುವವರು, ದಯವಿಟ್ಟು ಪೂರ್ತಿ ಓದಿ. ರಾಮೆನ್ (ಸೂಪಿನಲ್ಲಿ ಹಾಕಿ ಕೊಡುವ ಜಪಾನಿ ನೂಡಲ್ಸ್) ತಿನ್ನೋಕೆ ದುಡ್ಡು ಕೊಟ್ಟು ಗೈಡ್ ಇಟ್ಟುಕೊಳ್ಳಬೇಡಿ. ‘ನಾನೂ ನಿಮ್ಮ ಕಡೆಯವನೇ ಸಾರ್’ ಅನ್ನುವವನನ್ನಂತೂ ಬೇಡವೇ ಬೇಡ. ಅವನ ಹೆಸರು ಹಾಕುತ್ತಿಲ್ಲ. ಹಾಕಿದರೆ ನಾಳೆ ಬೇರೆ ಹೆಸರಲ್ಲಿ ಶುರು ಮಾಡುತ್ತಾನೆ, ಅಷ್ಟೇ.

ಪ್ರವಾಸದ ವಾಟ್ಸಾಪ್ ಗ್ರೂಪ್ ಒಂದರಲ್ಲಿ ಸಿಕ್ಕಿದ ಆಸಾಮಿ. ತಲೆಗೆ 7,000 ರೂಪಾಯಿ, ಪೂರ್ತಿ ಮುಂಗಡ, ಯುಪಿಐ ಮೂಲಕ. ಟೋಕಿಯೊದ ಶಿಂಜುಕು ಬಡಾವಣೆಯಲ್ಲಿ ಮೂರು ಅಂಗಡಿ. ‘ಲೋಕಲ್ ಜನಕ್ಕೆ ಮಾತ್ರ ಗೊತ್ತಿರೋ ಜಾಗ ಸಾರ್, ಮಿಶೆಲಿನ್ ರೇಂಜು.’ (ಮಿಶೆಲಿನ್ ಅಂದರೆ ಒಳ್ಳೆಯ ಹೋಟೆಲುಗಳಿಗೆ ಸ್ಟಾರ್ ಕೊಡುವ ಗೈಡ್ ಪುಸ್ತಕ.) ನಾನು, ನನ್ನ ಹೆಂಡತಿ ಕೋಳಿ, ಮೊಟ್ಟೆ ತಿನ್ನುತ್ತೇವೆ. ಅಮ್ಮ ಏನೂ ಮುಟ್ಟುವುದಿಲ್ಲ. ಅದನ್ನು ಬಿಡಿಸಿ ಬಿಡಿಸಿ ಬರೆದಿದ್ದೆ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಸೂಪಿನಲ್ಲೂ ಬೇಡ. ‘ಅಮ್ಮನ ಜವಾಬ್ದಾರಿ ನಂದು ಸಾರ್’ ಅಂತ ಉತ್ತರ ಬಂತು. ಜೊತೆಗೆ ಕೈ ಮುಗಿಯುವ ಎಮೋಜಿ. ಆ ಮೆಸೇಜ್ ಈಗಲೂ ನನ್ನ ಹತ್ತಿರ ಇದೆ.

ಮೊದಲನೇ ಅಂಗಡಿಯ ಬಾಗಿಲಲ್ಲೇ ನಾಲ್ಕು ಭಾಷೆಯ ಮೆನು. ಲೋಕಲ್ ಜನಕ್ಕೆ ಮಾತ್ರ ಗೊತ್ತಿರುವ ಜಾಗವಂತೆ! ಮುಂದೆ ಇಡೀ ಪ್ರವಾಸದಲ್ಲಿ ಯಾವ ದೊಡ್ಡ ಸ್ಟೇಷನ್ನಿನಲ್ಲಿ ಇಳಿದರೂ ಅದೇ ಬೋರ್ಡ್ ಕಾಣಿಸಿತು. ಹೋಗಲಿ ಬಿಡಿ, ರುಚಿ ಪರವಾಗಿರಲಿಲ್ಲ. ಅಮ್ಮ ಸುಮ್ಮನೆ ನೀರು ಕುಡಿದು ಕೂತಿದ್ದರು. ‘ನಿಮ್ದು ಮುಂದಿನ ಅಂಗಡಿ ಅಮ್ಮ, ಸ್ಪೆಷಲ್’ ಅಂದ.

ರಾಮೆನ್ ಅಂಗಡಿ ಹೇಗಿರುತ್ತೆ ಅಂತ ಹೋಗಿ ಬಂದವರಿಗೆ ಗೊತ್ತು. ಹೆಚ್ಚಿನ ಕಡೆ ಬಾಗಿಲ ಹತ್ತಿರ ಟಿಕೆಟ್ ಮಷಿನ್ ಇರುತ್ತೆ. ದುಡ್ಡು ಹಾಕಿ ಬಟನ್ ಒತ್ತಿ, ಬಂದ ಚೀಟಿಯನ್ನು ಕೌಂಟರಿನಲ್ಲಿ ಕೊಟ್ಟರೆ ಆಯಿತು. ಈ ಮನುಷ್ಯ ನಮ್ಮನ್ನು ಆ ಮಷಿನ್ ಹತ್ತಿರ ಬಿಡಲೇ ಇಲ್ಲ. ‘ನೀವು ಕೂತ್ಕೊಳ್ಳಿ ಸಾರ್, ಎಲ್ಲಾ ಜಪಾನೀಸ್‌ನಲ್ಲಿದೆ, ನಾನು ತರ್ತೀನಿ.’ ಎಷ್ಟು ಮರ್ಯಾದೆ ಕೊಡ್ತಾನಪ್ಪ ಅಂದುಕೊಂಡೆವು. ಎರಡನೇ ಅಂಗಡಿಯ ಒಳಗೆ ಕಾಲಿಡುವಾಗಲೇ ಗಾಢವಾದ ವಾಸನೆ ಮೂಗಿಗೆ ಬಡಿಯಿತು. ಏನಿದು ಅಂತ ಕೇಳಿದೆ. ‘ಪಕ್ಕದ ಅಂಗಡೀದು ಸಾರ್’ ಅಂದ.

ಅಮ್ಮನ ಮುಂದೆ ಬಟ್ಟಲು ಬಂತು. ಹಾಲಿನ ಹಾಗೆ ಬೆಳ್ಳಗಿರುವ ಸೂಪು. ಮೇಲೆ ಈರುಳ್ಳಿ ಸೊಪ್ಪು, ಅಣಬೆ. ‘ಸೋಯಾ ಹಾಲಿನ ಸೂಪು ಅಮ್ಮ, ಅದಕ್ಕೇ ಬೆಳ್ಳಗಿದೆ.’ ಸೋಯಾ ಹಾಲಿನ ರಾಮೆನ್ ಅಂತ ನಿಜಕ್ಕೂ ಒಂದಿದೆ. ಅದಕ್ಕೇ ಆ ಸುಳ್ಳು ಅಷ್ಟು ಸಲೀಸಾಗಿ ಇಳಿದದ್ದು. ಅಮ್ಮ ಬಟ್ಟಲು ಹಿಡಿದುಕೊಂಡರು, ಅವನು ಫೋಟೋ ತೆಗೆದ. ‘ನೆನಪಿಗೆ ಇರ್ಲಿ ಅಮ್ಮ’ ಅಂತ. ಆಮೇಲೆ ಫೋನ್ ಬಂತು ಅಂತ ಹೊರಗೆ ಹೋದ.

ನನಗೆ ಒಂದು ಬಿಯರ್ ಬೇಕಿತ್ತು. ಮಷಿನ್ ಹತ್ತಿರ ಹೋಗಿ ಫೋನಿನ ಅನುವಾದದ ಕ್ಯಾಮೆರಾ ಹಿಡಿದೆ. ಪರದೆಯ ಮೇಲೆ ಅಕ್ಷರಗಳು ಇಂಗ್ಲಿಷಿಗೆ ತಿರುಗಿದವು. ಮೊದಲ ಬಟನ್: ಪೋರ್ಕ್ ಬೋನ್ ರಾಮೆನ್. ಎರಡನೆಯದು: ಪೋರ್ಕ್ ಬೋನ್, ಖಾರದ್ದು. ಮೂರನೆಯದು: ಪೋರ್ಕ್ ಬೋನ್, ಮೊಟ್ಟೆ ಸಮೇತ. ಇಡೀ ಮಷಿನ್ನಿನಲ್ಲಿ ಹಂದಿ ಮೂಳೆ ಬಿಟ್ಟು ಬೇರೆ ಸೂಪೇ ಇಲ್ಲ. ಬೆಲೆ 950 ಯೆನ್. ನಮ್ಮ ದುಡ್ಡಿನಲ್ಲಿ 600 ರೂಪಾಯಿ ಒಳಗೇ. ಆ ಹೊತ್ತಿನಲ್ಲಿ ಬೆಲೆ ಯಾರಿಗೆ ಬೇಕಿತ್ತು ಬಿಡಿ.

ಓಡಿ ಬಂದು ಕೌಂಟರಿನ ಹುಡುಗನಿಗೆ ಫೋನ್ ತೋರಿಸಿ ಕೇಳಿದೆ, ಇದರಲ್ಲಿ ಹಂದಿ ಇದೆಯಾ ಅಂತ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿರಬೇಕು. ಹಿಂದೆ ಕುದಿಯುತ್ತಿದ್ದ ದೊಡ್ಡ ಪಾತ್ರೆ ತೋರಿಸಿ ‘ಹೈ, ಟೊಂಕೊತ್ಸು’ ಅಂದ. ಅಂದರೆ ‘ಹೌದು, ಹಂದಿ ಮೂಳೆ’. ಹಂದಿ ಮೂಳೆಯನ್ನು ಗಂಟೆಗಟ್ಟಲೆ ಜೋರಾಗಿ ಕುದಿಸಿ, ಕೊಬ್ಬು, ಮಜ್ಜೆ ಎಲ್ಲ ನೀರಲ್ಲಿ ಬೆರೆತಾಗ ಬರುವ ಬಿಳುಪು ಅದು. ತಿರುಗಿ ನೋಡಿದರೆ ಅಮ್ಮ ಆಗಲೇ ನಾಲ್ಕಾರು ಚಮಚ ಕುಡಿದಿದ್ದರು. ‘ಉಪ್ಪು ಸ್ವಲ್ಪ ಜಾಸ್ತಿ, ಆದರೆ ಪರವಾಗಿಲ್ಲ ಕಣೋ’ ಅಂದರು.

ಹೇಗೆ ಹೇಳಬೇಕು ಹೇಳಿ. ಹೇಳಿದೆ. ಅಮ್ಮ ಒಂದು ಮಾತೂ ಆಡಲಿಲ್ಲ, ಎದ್ದು ಹೊರಗೆ ಹೋಗಿ ನಿಂತರು. ರೂಮಿಗೆ ಬಂದು ಅಷ್ಟು ರಾತ್ರಿಯಲ್ಲಿ ತಲೆಗೆ ಸ್ನಾನ ಮಾಡಿದರು. ‘ಊರಲ್ಲಿ ಯಾರಿಗೂ ಹೇಳಬೇಡ’ ಅಂದರು. ಈಗ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಇನ್ನು ಆ ಮಹಾನುಭಾವನ ಉತ್ತರಗಳನ್ನು ಕೇಳಿ. ಅಂಗಡಿ ಮುಂದೆಯೇ ಹಿಡಿದು ಕೇಳಿದ್ದಕ್ಕೆ ಮೊದಲ ಉತ್ತರ: ‘ಮಾಂಸದ ಪೀಸ್ ತೆಗೆಸಿದ್ದೀನಲ್ಲ ಸಾರ್.’ ಮಟನ್ ಸಾರಿನಿಂದ ತುಂಡು ಎತ್ತಿಟ್ಟು ವೆಜ್ ಸಾರು ಅಂತ ಬಡಿಸಿದ ಹಾಗೆ! ಸೂಪು ಯಾವುದರದ್ದು ಅಂದೆ. ‘ಜಪಾನ್‌ನಲ್ಲಿ ಎಲ್ಲಾ ಹೀಗೇ ಸಾರ್, ಇಲ್ಲಿ ಇದನ್ನೇ ವೆಜ್ ಅಂತಾರೆ.’ ಸೋಯಾ ಹಾಲು ಅಂದಿರಲ್ಲ ಅಂದೆ. ‘ಅದು ಲಾಸ್ಟ್ ಟೈಮ್ ಇತ್ತು, ರೆಸಿಪಿ ಚೇಂಜ್ ಮಾಡಿರಬೇಕು.’ ಮೂರನೇ ಅಂಗಡಿಯ ಮಾತೇ ಬರಲಿಲ್ಲ.

ದುಡ್ಡು ವಾಪಸ್ ಕೇಳಿ ಮೆಸೇಜ್ ಮಾಡಿದೆ. ‘ಟೂರ್ ಕಂಪ್ಲೀಟ್ ಆಗಿದೆ ಸಾರ್, ರೀಫಂಡ್ ಬರಲ್ಲ.’ ಮೂರಲ್ಲಿ ಎರಡೇ ಅಂಗಡಿ ತೋರಿಸಿದಿರಿ ಅಂದೆ. ‘ನೀವೇ ಅರ್ಧಕ್ಕೆ ಬಿಟ್ಟು ಹೋದಿರಿ.’ ಅರ್ಧಕ್ಕೆ ಬಿಟ್ಟು ಹೋದೆವಂತೆ! ಲೈಸೆನ್ಸ್ ಇದೆಯಾ ಅಂತ ಕೇಳಿದ್ದಕ್ಕೆ ಮಾತ್ರ ನಿಜ ಹೇಳಿದ: ‘ಲೈಸೆನ್ಸ್ ಬೇಕಾಗಿಲ್ಲ ಸಾರ್, ಕಾನೂನು ನೋಡಿ.’ ನೋಡಿದೆ. ಹೌದು, 2018ರ ಜನವರಿಯಿಂದ ಜಪಾನಿನಲ್ಲಿ ಯಾರು ಬೇಕಾದರೂ ದುಡ್ಡಿಗೆ ಗೈಡ್ ಕೆಲಸ ಮಾಡಬಹುದು. ಸರ್ಕಾರದ ಪರೀಕ್ಷೆ ಪಾಸಾದವರು ಮಾತ್ರ ಸರ್ಕಾರಿ ಮಾನ್ಯತೆಯ ಗೈಡ್ ಅನ್ನುವ ಬಿರುದು ಹಾಕಿಕೊಳ್ಳಬಹುದು, ಅಷ್ಟೇ ವ್ಯತ್ಯಾಸ. ಕೊನೆಗೆ ಬಂದ ಮೆಸೇಜ್: ‘ಬೇಜಾರ್ ಮಾಡ್ಕೋಬೇಡಿ, ಸುಶಿ ಟೂರ್‌ಗೆ 10 ಪರ್ಸೆಂಟ್ ಡಿಸ್ಕೌಂಟ್ ಕೊಡ್ತೀನಿ. ಅಮ್ಮನಿಗೆ ಸೌತೆಕಾಯಿ ಸುಶಿ.’ ಆಮೇಲೆ ಬ್ಲಾಕ್.

‘ಅಲ್ಲೇ ಗೂಗಲ್ ಮಾಡಬಹುದಿತ್ತಲ್ಲ’ ಅನ್ನುವವರಿಗೆ: ನಾವೇ ಹುಡುಕುವುದಾದರೆ ಅವನಿಗೆ 21,000 ರೂಪಾಯಿ ಯಾಕೆ ಕೊಡಬೇಕಿತ್ತು?

ಮಿಶೆಲಿನ್ ರೇಂಜು ಅಂದನಲ್ಲ, ಅಂಥವು ಟೋಕಿಯೊದಲ್ಲಿ ನಿಜವಾಗಿಯೂ ಇವೆ. ರಾಮೆನ್‌ಗೆ ಮೊದಲ ಸ್ಟಾರ್ ಸಿಕ್ಕಿದ್ದು 2016ರ ಮಿಶೆಲಿನ್ ಪುಸ್ತಕದಲ್ಲಿ, ಆಗ ಸುಗಮೊದಲ್ಲಿದ್ದ ತ್ಸುತಾ ಎಂಬ ಪುಟ್ಟ ಅಂಗಡಿಗೆ. ಮರುವರ್ಷದ ಪುಸ್ತಕದಲ್ಲಿ ಓತ್ಸುಕಾದ ನಾಕಿರ್ಯುಗೆ. ಅಂಥ ಕಡೆ ಹೆಸರಿರುವುದೇ ಕ್ಯೂಗೆ. ಗೈಡ್ ಇದ್ದ ಮಾತ್ರಕ್ಕೆ ಒಳಗೆ ಬೇಗ ಬಿಡುವುದಿಲ್ಲ. ಜಪಾನಿನವರು ನೋಡುವ ತಾಬೆಲೋಗ್ ಸೈಟಿನಲ್ಲಿ ನೀವೇ ನೋಡಿ. ಅಲ್ಲಿನವರು ಅಂಕ ಕೊಡುವುದರಲ್ಲಿ ಜಿಪುಣರು, ಐದಕ್ಕೆ 3.5 ದಾಟಿದ್ದರೆ ಒಳ್ಳೆಯ ಅಂಗಡಿ ಅಂತಲೇ ತಿಳಿಯಿರಿ. ನಮ್ಮವನು ಕರೆದುಕೊಂಡು ಹೋದ ಎರಡೂ ಅದರ ಹತ್ತಿರ ಸುಳಿದಿರಲಿಲ್ಲ.

ಟಿಕೆಟ್ ಮಷಿನ್ ಮುಂದೆ ನೀವೇ ನಿಲ್ಲಿ, ಫೋನ್ ಹಿಡಿದು ಓದಿ. ದೊಡ್ಡ ಚೈನ್‌ಗಳಾದರೆ ಅಲರ್ಜಿ ಪಟ್ಟಿ ಕೇಳಿ. ಅದರಲ್ಲಿ ಹಂದಿ, ಕೋಳಿ, ದನ ಬೇರೆ ಬೇರೆ ಕಾಲಂ ಇರುತ್ತೆ ಹೆಚ್ಚಾಗಿ. ಸೂಪು ತಿಳಿಯಾಗಿದ್ದರೂ ನಂಬಬೇಡಿ, ಒಣಮೀನಿನ ರಸ ಬಹಳ ಕಡೆ ಇರುತ್ತೆ. ಸಸ್ಯಾಹಾರಿಗಳಿಗೆ ಟೋಕಿಯೊ ಸ್ಟೇಷನ್ನಿನ ಟಿಕೆಟ್ ಗೇಟಿನ ಒಳಗೆ ಟೀಸ್ ತಾನ್‌ತಾನ್ ಅಂತ ಇದೆ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಬಳಸುವುದಿಲ್ಲ, ಎಳ್ಳಿನ ಸೂಪು. ಆಮೇಲೆ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗೋಣ ಅಂದೆ. ಬರಲ್ಲ ಅಂದರು. ಪ್ರವಾಸ ಮುಗಿಯುವ ತನಕ ಮೊಸರು, ಬಾಳೆಹಣ್ಣು, ತಂದ ಚಟ್ನಿಪುಡಿ ಅವಲಕ್ಕಿ.

ಇದನ್ನೆಲ್ಲ ನುಂಗಿಕೊಂಡು ಸುಮ್ಮನಾಗಿದ್ದೆ. ಹೋದ ವಾರ ಗೆಳೆಯನೊಬ್ಬ ಒಂದು ಜಾಹೀರಾತು ಕಳಿಸಿದ. ‘ಟೋಕಿಯೊದಲ್ಲಿ ಶುದ್ಧ ಸಸ್ಯಾಹಾರಿ ರಾಮೆನ್, ನಮ್ಮ ಅಮ್ಮಂದಿರೇ ಮೆಚ್ಚಿದ್ದು!’ ಕೆಳಗೆ ಫೋಟೋ. ಬೂದು ಸ್ವೆಟರ್, ಕೈಯಲ್ಲಿ ಬಿಳಿ ಸೂಪಿನ ಬಟ್ಟಲು, ನಗುತ್ತಿರುವ ನನ್ನ ಅಮ್ಮ. ಬೇರೆ ನಂಬರಿನಿಂದ ಮೆಸೇಜ್ ಮಾಡಿ ತೆಗೆಯಿರಿ ಅಂದೆ. ‘ಮುಖ ಬ್ಲರ್ ಮಾಡ್ತೀನಿ ಸಾರ್’ ಅಂದ. ಇನ್ನೂ ಮಾಡಿಲ್ಲ. ಆ ಫೋಟೋ ನಿಮ್ಮ ಯಾವುದೇ ಗ್ರೂಪಿನಲ್ಲಿ ಬಂದರೆ ಅಡ್ಮಿನ್‌ಗೆ ಹೇಳಿ ತೆಗೆಸಿ. ಅದರ ಕೆಳಗೆ ಇದನ್ನು ಅಂಟಿಸಿ.